ಊರಲ್ಲ, ಆಸರೆ

ಹುಬ್ಬಳ್ಳಿಯಿಂದ ವಿಜಯಪುರದತ್ತ ಸಾಗುವ ಹೆದ್ದಾರಿಯಲ್ಲಿ ನವಲಗುಂದವನ್ನು ದಾಟಿದ ಪ್ರಯಾಣಿಕನ ಕಣ್ಣಿಗೆ ಬೀಳುವುದು ನರಗುಂದದ ಗುಡ್ಡ. ಎತ್ತ ನೋಡಿದರೂ ಎರೆಯ ಹೊಲ, ಹೊಲದ ಅಂಚಿಗೆ ಆಕಾಶ; ಆ ಸಪಾಟು ಬಯಲಿನ ನಡುವೆ ಒಂಟಿಯಾಗಿ ಕುಳಿತ ಈ ಗುಡ್ಡ ಬಹು ದೂರದವರೆಗೆ ದಾರಿಹೋಕನ ಜೊತೆ ಬಿಡುವುದಿಲ್ಲ. 1858ರಲ್ಲಿ ಇಂಗ್ಲಿಷರ ವಿರುದ್ಧ ಕತ್ತಿ ಹಿರಿದು, ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬ ಭಾವೆಯ ಕೋಟೆ ಇದ್ದುದು ಇದರ ನೆತ್ತಿಯ ಮೇಲೆ. ಬಸ್ಸಿನಲ್ಲಿ ಕುಳಿತ ಹೊಸಬರಿಗೆ ಈ ಕಥೆಯನ್ನು ಹೇಳಲು ಯಾರಾದರೊಬ್ಬರು ಇದ್ದೇ ಇರುತ್ತಾರೆ. ಆದರೆ ನರಗುಂದವನ್ನು ಬಿಟ್ಟು ಹೊಳೆಸಾಲಿನ ಹಳ್ಳಿಗಳ ಕಡೆಗೆ ಹೊರಳಿದ ಮೇಲೆ ದಿನ್ನೆಗಳ ಮೇಲೆ ಆಗಾಗ ಕಾಣಿಸಿಕೊಳ್ಳುವ ಇನ್ನೊಂದು ನೋಟವುಂಟು. ಅದರ ಕಥೆಯನ್ನು ಮಾತ್ರ ಕೇಳದೆ ಯಾರೂ ಹೇಳುವುದಿಲ್ಲ. ಒಂದೇ ಅಚ್ಚಿನಲ್ಲಿ ತೆಗೆದಂಥ ಪುಟ್ಟ ಪುಟ್ಟ ಮನೆಗಳ ಸಾಲುಗಳು. ದಾರ ಹಿಡಿದು ಎಳೆದಂಥ ಬೀದಿಗಳು. ಬೀದಿಯ ಕೊನೆಗೊಂದು ನೀರಿನ ಟಾಕಿ. ಊರೆಂದ ಮೇಲೆ ಇರಬೇಕಾದ ಅಗಸೆಯಿಲ್ಲ, ಕಟ್ಟೆಯಿಲ್ಲ, ಬಣವೆಯಿಲ್ಲ, ತಿಪ್ಪೆಯೂ ಇಲ್ಲ. ಎಷ್ಟೋ ಮನೆಗಳ ಬಾಗಿಲಿಗೆ ಬೀಗ. ಇನ್ನೆಷ್ಟಕ್ಕೋ ಬಾಗಿಲೇ ಇಲ್ಲ.

“ಇದು ಯಾವ ಊರು?” ಎಂದು ಕೇಳಿದರೆ ಕಂಡಕ್ಟರು ಹೊರಗೆ ನೋಡುವ ಗೋಜಿಗೂ ಹೋಗದೆ ಉತ್ತರ ಕೊಡುತ್ತಾನೆ: “ಊರಲ್ರೀ ಅದು, ಆಸರಿ.”

ಆಸರೆ ಎಂಬುದು ಸರ್ಕಾರ ಇಟ್ಟ ಹೆಸರು. 2009ರ ಮಹಾಪೂರದಲ್ಲಿ ಮನೆ ಕಳೆದುಕೊಂಡವರಿಗಾಗಿ ಎತ್ತರದ ನೆಲದಲ್ಲಿ ಕಟ್ಟಿಸಿದ ಹೊಸ ಊರುಗಳಿಗೆಲ್ಲ ಇದೇ ಹೆಸರು. ಮಲಪ್ರಭೆಯ ದಂಡೆಗುಂಟ, ನರಗುಂದ ಮತ್ತು ರೋಣ ತಾಲೂಕುಗಳಲ್ಲಿ ಈ ಹೆಸರನ್ನು ಹೊತ್ತ ಮನೆಗಳು ಸಾಲುಸಾಲಾಗಿ ನಿಂತಿವೆ. ಮನೆಯಿಲ್ಲದವನಿಗೆ ಮನೆ ಕೊಟ್ಟರೆ ಆತನ ಕಷ್ಟ ತೀರಿತೆಂದು ಪಟ್ಟಣದಲ್ಲಿ ಕುಳಿತವರು ತಿಳಿಯುವುದು ಸಹಜ. ಮನೆ ಬಿದ್ದವರು ಇದ್ದರು, ಮನೆಗಳೂ ಎದ್ದವು. ಆದರೂ ಇವೆರಡೂ ಒಂದನ್ನೊಂದು ಸೇರಲು ಏಕೆ ಇಷ್ಟು ಕಾಲ ಹಿಡಿಯಿತೆಂಬುದನ್ನು ತಿಳಿಯಬೇಕಾದರೆ ಈ ದಂಡೆಗುಂಟ ನಡೆದೇ ನೋಡಬೇಕು.

ಈ ನಾಡಿಗೆ ನೀರು ಶತ್ರುವಾಗಿ ಬಂದುದೇ ಒಂದು ವಿಪರೀತ. ಇಲ್ಲಿನ ಜನ ತಲೆತಲಾಂತರದಿಂದ ಹೆದರಿಕೊಂಡು ಬಂದದ್ದು ಬರಗಾಲಕ್ಕೆ. ಪಟ್ಟಣವೆನ್ನದೆ ಹಳ್ಳಿಯೆನ್ನದೆ ಮನೆಮನೆಯ ನೆಲದಡಿಯಲ್ಲಿ ಹಗೇವು ತೋಡಿ ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿಡುತ್ತಿದ್ದುದು ಬರುವ ವರ್ಷದ ಮೇಲೆ ನಂಬಿಕೆಯಿಲ್ಲದ್ದರಿಂದ. 1876ರಿಂದ 78ರವರೆಗಿನ ದೊಡ್ಡ ಬರದ ಪಾಠ ಕಲಿತ ಮೇಲೆಯೇ ಸದರ್ನ್ ಮರಾಠಾ ರೈಲ್ವೆ ಹುಟ್ಟಿದ್ದು, ಗದಗಿನಿಂದ ಹೊಟಗಿಗೆ ಹಳಿ ಬಿದ್ದದ್ದು. ಧಾನ್ಯದ ಮೂಟೆ ಹಸಿದವರ ಬಳಿಗೆ ಬೇಗ ಮುಟ್ಟಲೆಂದು ಹಾಕಿದ ದಾರಿ ಅದು. ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟೆ ಕಟ್ಟಿ ಕಾಲುವೆ ತೆಗೆದರೂ ನೀರಿನ ಹಂಬಲ ತೀರಲಿಲ್ಲ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ ಕೇಳಿದಾಗ 1980ರ ಜುಲೈನಲ್ಲಿ ನರಗುಂದದ ರೈತರು ಬಂಡೆದ್ದರು. ಕರ್ನಾಟಕದ ರೈತ ಚಳವಳಿಯ ಕಿಡಿ ಹೊತ್ತಿದ್ದು ಅಲ್ಲಿ. ಅಂಥ ಊರಿನ ಹಳೆಯ ಓಣಿಗಳಲ್ಲಿ ಈಚಿನ ವರ್ಷಗಳಲ್ಲಿ ನೆಲದ ನೀರು ಮೇಲಕ್ಕೇರಿ, ಮರೆತುಹೋಗಿದ್ದ ಹಗೇವುಗಳು ಕುಸಿದು, ನಡುಮನೆಯ ನೆಲವೇ ಬಾಯಿ ತೆರೆದುಕೊಂಡಿದೆ. ಬರದಲ್ಲಿ ಅಜ್ಜನನ್ನು ಬದುಕಿಸಿದ ಕುಣಿ ಮೊಮ್ಮಗನ ಮನೆಯನ್ನು ನುಂಗಿದಂತಾಯಿತು.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಕೂಡುವುದು ಕೂಡಲಸಂಗಮದಲ್ಲಿ, ಕೃಷ್ಣೆಯನ್ನು. ನಡುವೆ ಅದು ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಹೊಳೆಮಣ್ಣೂರು, ಮೆಣಸಗಿಗಳ ಮಗ್ಗುಲಿಗೆ ಹಾಯುತ್ತದೆ. ಹುಬ್ಬಳ್ಳಿ, ನವಲಗುಂದಗಳ ಸೀಮೆಯ ಮಳೆಯನ್ನೆಲ್ಲ ಹೊತ್ತು ತರುವ ಬೆಣ್ಣಿಹಳ್ಳವೂ ಮೆಣಸಗಿಯ ಹತ್ತಿರ ಇದಕ್ಕೇ ಬಂದು ಸೇರುವುದು. ಹೆಸರಿಗೆ ಹಳ್ಳ; ಬೇಸಗೆಯಲ್ಲಿ ಚಕ್ಕಡಿ ದಾಟುವಷ್ಟು ಬಡವಾಗಿರುವ ಇದು ಒಂದು ರಾತ್ರಿಯ ಮಳೆಗೆ ಹೊಳೆಯನ್ನೇ ಹಿಂದಕ್ಕೆ ನೂಕುತ್ತದೆ. ಮೇಲಿನಿಂದ ಅಣೆಕಟ್ಟಿನ ನೀರು, ಮಗ್ಗುಲಿನಿಂದ ಹಳ್ಳದ ನೀರು. ಎರಡೂ ಒಮ್ಮೆಗೇ ಬಂದರೆ ನಡುವಿನ ಊರುಗಳು ನಡುಗಡ್ಡೆಗಳೇ.

2009ರ ಸೆಪ್ಟೆಂಬರಿನ ಕೊನೆಗೆ ಆದದ್ದು ಅದೇ. ಮುಂಗಾರು ಮುಗಿಯಿತೆಂದು ಜನ ಹಿಂಗಾರಿ ಬಿತ್ತನೆಯ ಲೆಕ್ಕ ಹಾಕುತ್ತಿದ್ದ ಹೊತ್ತಿಗೆ ಉತ್ತರ ಕರ್ನಾಟಕದ ಮೇಲೆಲ್ಲ ಮೋಡ ಒಡೆದು ಬಿತ್ತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಇಲ್ಲಿನ ಹಳೆಯ ಮನೆಗಳನ್ನು ಕೆಡಹಿದ್ದು ಹೊಳೆ ಮಾತ್ರವೇ ಅಲ್ಲ. ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮಣ್ಣಿನದೇ ಮಾಳಿಗೆ: ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ ಇರುವ ಈ ಮನೆಗಳು ಬರಗಾಲದ ಸೀಮೆಗೆ ಹೇಳಿ ಮಾಡಿಸಿದವು. ಮೂರು ದಿನ ಬಿಡದೆ ಮಳೆ ಹೊಡೆದರೆ ಮಾಳಿಗೆ ನೀರು ಕುಡಿದು ಭಾರವಾಗುತ್ತದೆ, ಗೋಡೆ ತಳದಿಂದ ಕರಗುತ್ತದೆ. ಆಮೇಲೆ ಒಂದು ನಸುಕಿನಲ್ಲಿ ಸದ್ದು.

ಮನೆ ಬಿದ್ದವರು ಮೊದಲು ಸೇರುವುದು ತಂಗುದಾಣವನ್ನು. ಹಿಂದೆ ಅದಕ್ಕೆ ಗಂಜಿ ಕೇಂದ್ರವೆಂಬ ಹೆಸರಿತ್ತು. ಈಚೆಗೆ ಕಾಳಜಿ ಕೇಂದ್ರವೆನ್ನುತ್ತಾರೆ. ಕಟ್ಟಡ ಮಾತ್ರ ಅಂದಿಗೂ ಇಂದಿಗೂ ಅದೇ: ದಿನ್ನೆಯ ಮೇಲಿನ ಶಾಲೆ, ಇಲ್ಲವೆ ಒಂದು ಕಲ್ಯಾಣ ಮಂಟಪ, ಇಲ್ಲವೆ ಸಂತೆಯ ಪ್ರಾಂಗಣ, ಮಠದ ಅಂಗಳ. ನಾಲ್ಕು ಕೋಣೆಯ ಶಾಲೆಯಲ್ಲಿ ಒಂದು ಹಳ್ಳಿಯನ್ನೇ ಇರಿಸಿ ನಡೆಸುವುದೆಂದರೆ ಏನೆಂಬುದನ್ನು, ನಡೆಸಿದ ಹೆಡ್‌ಮಾಸ್ತರರ ಬಾಯಿಂದಲೇ ಕೇಳಬೇಕು. ಅನ್ನ ಕುದಿಸುವುದು ಎಲ್ಲಕ್ಕಿಂತ ಸುಲಭದ ಕೆಲಸ. ಬಿಸಿಯೂಟದ ಪಾತ್ರೆಗಳು ಅಲ್ಲೇ ಇರುತ್ತವೆ, ಅಡುಗೆಯವರೂ ಊರವರೇ. ಆದರೆ ಎರಡು ದಿನ ಅನ್ನ ಸಾರು ಉಂಡ ಮುದುಕರು ಮೂರನೆಯ ದಿನ ಗಂಗಾಳ ಸರಿಸಿ, “ತಮ್ಮಾ, ಒಂದು ರೊಟ್ಟಿ ಇದ್ದರ ನೋಡಪಾ” ಎನ್ನುತ್ತಾರೆ. ಇದನ್ನು ಬಲ್ಲ ನೆರೆಯ ಊರುಗಳು ಕೇಳುವ ಮೊದಲೇ ಕಡಕ್ ರೊಟ್ಟಿಯ ಗಂಟುಗಳನ್ನೂ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳನ್ನೂ ಕಟ್ಟಿ ಕಳುಹಿಸುತ್ತವೆ. ಮನೆಗಿಷ್ಟೆಂದು ಓಣಿಯ ಹೆಂಗಸರು ಬಡಿದ ರೊಟ್ಟಿ ಲಾರಿಯಲ್ಲಿ ಬರುವ ಆ ನೋಟ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗಲೆಲ್ಲ ಕಂಡದ್ದು. ದೂರದ ನಗರಗಳಿಂದ ಬರುವುದು ಹೆಚ್ಚಾಗಿ ಹಳೆಯ ಬಟ್ಟೆ. ಇಳಕಲ್ಲ ಸೀರೆ, ಕುಬುಸ ತೊಡುವ ಹೆಂಗಸರಿಗೆ ಸೊಂಟಪಟ್ಟಿ ಹರಿದ ಷರಾಯಿಗಳಿಂದ ಏನು ಪ್ರಯೋಜನ? ಮಳೆ ನಿಂತ ಮೇಲೆ ರಸ್ತೆಯ ಬದಿಗೆ ಅವುಗಳ ಗುಡ್ಡೆ ಬಿದ್ದಿರುತ್ತದೆ. ಕೊಡುವವರು ತಮ್ಮ ಕಪಾಟನ್ನು ನೋಡಿ ಕೊಡುತ್ತಾರೆ, ತೆಗೆದುಕೊಳ್ಳುವವರ ಮೈಯನ್ನು ನೋಡಿ ಅಲ್ಲ.

ಕಷ್ಟದ ಕೆಲಸಗಳು ಬೇರೆ. ಹೆಂಗಸರಿಗೆ ಮರೆಯಾದ ಒಂದು ಬಚ್ಚಲು, ಬಾಣಂತಿಗೆ ಒಂದು ಮೂಲೆ, ರಾತ್ರಿ ದೀಪ, ಕುಡುಕನನ್ನು ಹೊರಗಿಡುವ ಒಬ್ಬ ಗಟ್ಟಿ ಮನುಷ್ಯ. ಇವೆಲ್ಲಕ್ಕಿಂತ ದೊಡ್ಡದು ದನ. ಎತ್ತು ಎಮ್ಮೆಗಳನ್ನು ಬಿಟ್ಟು ಒಕ್ಕಲಿಗ ತಂಗುದಾಣಕ್ಕೆ ಬರುವುದಿಲ್ಲ. ಹೆಂಡತಿ ಮಕ್ಕಳನ್ನು ಕಳುಹಿಸಿ ತಾನು ದನದ ಹಗ್ಗ ಹಿಡಿದು ಹೊಳೆ ಏರುವ ಊರಲ್ಲೇ ಉಳಿಯುತ್ತಾನೆ. ಕೊನೆಗೆ ದೋಣಿ ಕಳುಹಿಸಿ ಆತನನ್ನು ಕರೆತರಬೇಕಾಗುತ್ತದೆ. ಶಾಲೆಯ ಬಯಲಿನಲ್ಲಿ ಮೇವಿನ ರಾಶಿ ಇರುವ ಕೇಂದ್ರಕ್ಕೆ ಗಂಡಸರು ತಾವಾಗಿ ಬರುತ್ತಾರೆಂಬುದು ಇಲ್ಲಿ ಅನುಭವಿಗಳೆಲ್ಲ ಬಲ್ಲ ಗುಟ್ಟು.

ಮತ್ತೊಂದು ಕೆಲಸವುಂಟು, ಅದು ಪುಸ್ತಕದ ಕೆಲಸ. ತಲಾಟಿಯವರು ಮೊದಲ ದಿನವೇ ಹೆಸರು ಬರೆದುಕೊಳ್ಳುತ್ತಾರೆ. ಯಾರ ಮನೆ, ಎಷ್ಟು ಅಂಕಣ, ಪೂರಾ ಬಿದ್ದಿತೇ ಅರ್ಧವೇ, ಉತಾರ ಯಾರ ಹೆಸರಿನಲ್ಲಿದೆ. ಮನೆಯಿಲ್ಲದವನು ಯಾರೆಂಬುದನ್ನು ತೀರ್ಮಾನಿಸುವುದು ಹೊಳೆಯಲ್ಲ, ಈ ಪುಸ್ತಕ. ಒಂದೇ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು ಮೂರು ಒಲೆ ಹೂಡಿಕೊಂಡಿದ್ದರೂ ಉತಾರದಲ್ಲಿ ಇರುವುದು ಸತ್ತ ಅಪ್ಪನ ಹೆಸರು. ಪುಸ್ತಕಕ್ಕೆ ಅದು ಒಂದು ಮನೆ. ಮೈದುನರ ಮನೆಯ ಪಡಸಾಲೆಯಲ್ಲಿ ಕಾಲ ಕಳೆಯುತ್ತಿದ್ದ ವಿಧವೆಗೆ ಯಾವ ಪುಟದಲ್ಲಿಯೂ ಜಾಗವಿಲ್ಲ. ಗಾಂವಠಾಣದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯವನು ಕಳೆದುಕೊಂಡದ್ದನ್ನು ಸಿದ್ಧಪಡಿಸಿ ತೋರಿಸಬೇಕು. ತೋರಿಸಬೇಕಾದ ಕಾಗದ ಗುಡಿಸಲಿನೊಡನೆಯೇ ತೇಲಿಹೋಗಿದೆ. ಇಂಥವರು ತಂಗುದಾಣಕ್ಕೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಾರೆ. ಕೊನೆಗೆಂದರೆ ಬಹಳ ದಿನವೇನೂ ಅಲ್ಲ. ಮಳೆ ನಿಂತು ಶಾಲೆಯ ಗಂಟೆ ಬಾರಿಸಬೇಕಾದ ದಿನ ಬರುತ್ತದೆ. ಮಕ್ಕಳು ಒಳಗೆ ಬಂದಂತೆ ಇವರು ಹೊರಗೆ ನಡೆಯಬೇಕು.

ಆ ಹೊರಗೆ ನಡೆದವರಿಗಾಗಿಯೇ ಆಸರೆಯ ಮನೆಗಳು ಎದ್ದದ್ದು. ಅಂದು ನಾಡೆಲ್ಲ ಮರುಗಿದ್ದು ನಿಜ. ಮುಖ್ಯಮಂತ್ರಿಗಳು ಬೀದಿಗಿಳಿದು ನಿಧಿ ಕೂಡಿಸಿದರು. ಸರ್ಕಾರ ಭೂಮಿ ಒದಗಿಸಿದರೆ ಕಂಪನಿಗಳು, ಸಂಘಸಂಸ್ಥೆಗಳು, ಮಠಗಳು ಮನೆ ಕಟ್ಟಿಸಲು ಕೈಗೂಡಿಸಿದವು. ಸಿಮೆಂಟಿನ ಗೋಡೆ, ಸಿಮೆಂಟಿನ ಮಾಳಿಗೆ, ಒಂದು ಹಜಾರ, ಒಂದು ಕೋಣೆ, ಅಡುಗೆಗಿಷ್ಟು ಜಾಗ. ಹೊಳೆ ಅಲ್ಲಿಗೆ ಏರಿ ಬರಲಾರದು. ಮಳೆಗೆ ಕರಗುವಂಥದ್ದು ಅಲ್ಲಿ ಏನೂ ಇಲ್ಲ. ಹಾಗಾದರೆ ಜನ ಹೋಗಲಿಲ್ಲವೇಕೆ?

ಹೊಳೆದಂಡೆಯ ಹೆಂಗಸೊಬ್ಬಳನ್ನು ಕೇಳಿದರೆ ಅವಳ ಉತ್ತರ ಒಂದೇ ಸಾಲಿನದು: “ಮನಿ ಏನೋ ಕೊಟ್ಟಾರ್ರೀ ಯಪ್ಪಾ, ಎಮ್ಮಿ ಎಲ್ಲಿ ಕಟ್ಟೂಣು?” ಈ ಸೀಮೆಯ ಹಳೆಯ ಮನೆಯನ್ನು ಹೊಕ್ಕು ನೋಡಿದವರಿಗೆ ಈ ಮಾತಿನ ಭಾರ ತಿಳಿಯುತ್ತದೆ. ತಲೆಬಾಗಿಲು ದಾಟಿದೊಡನೆ ಸಿಗುವುದು ದನದ ಅಂಕಣ, ಗ್ವಾದಲಿ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಮನುಷ್ಯರ ಪಡಸಾಲೆ. ರಾತ್ರಿ ಎತ್ತಿನ ಕೊರಳಗಂಟೆ ಕೇಳುತ್ತಲೇ ಒಕ್ಕಲಿಗ ನಿದ್ದೆ ಹೋಗುವನು. ಹಿಂದೆ ಹಿತ್ತಲು, ಪಕ್ಕದಲ್ಲಿ ಬಣವೆ, ಕುಳ್ಳಿನ ಗೂಡು. ಮನೆಯೆಂದರೆ ಒಕ್ಕಲುತನದ ಅರ್ಧ. ಹೊಸ ಮನೆಯಲ್ಲಿ ಮಲಗಬಹುದು, ಉಣ್ಣಬಹುದು, ಒಕ್ಕಲುತನ ಮಾಡಲಾಗದು. ಹೊಲವಿರುವುದು ಹೊಳೆಯ ದಂಡೆಗೆ, ಮನೆಯಿರುವುದು ದಿನ್ನೆಯ ಮೇಲೆ. ನಸುಕಿನಲ್ಲಿ ಹೊಲಕ್ಕೆ ಹೋಗಿ ಮಧ್ಯಾಹ್ನ ರೊಟ್ಟಿಗೆ ಬರುವ ರೂಢಿ ನಡೆಯದು. ಊರ ದೇವರು ಹಳೆಯ ಊರಲ್ಲಿ, ಮಸೀದಿಯೂ ಅಲ್ಲೇ, ಗಿರಣಿಯೂ ಅಲ್ಲೇ. ಟಾಕಿಯಿದ್ದರೂ ನೀರು ಬಾರದ ಕಡೆಗಳುಂಟು. ಹಂಚಿಕೆಯ ಜಗಳ ಕಚೇರಿಯಲ್ಲಿ ಉಳಿದು ಹಕ್ಕುಪತ್ರ ಕೈಸೇರದ ಕಡೆಗಳುಂಟು. ತನ್ನದೆಂದು ಬರೆದುಕೊಡದ ಮನೆಗೆ ಯಾರು ತಾನೇ ಸುಣ್ಣ ಬಳಿದಾರು?

ಜನರ ತಪ್ಪು ಇಲ್ಲವೆಂದಲ್ಲ. ಹೊಸ ಮನೆಯನ್ನು ಪಡೆದು ಬೀಗ ಹಾಕಿ, ಹಳೆಯ ಮನೆಯ ಬಿದ್ದ ಗೋಡೆಯನ್ನು ಎತ್ತಿ ಕಟ್ಟಿದವರು ಬಹಳ. ಮಗನ ಮದುವೆಯಾದ ಮೇಲೆ ಆಯಿತೆಂದು ಇಟ್ಟುಕೊಂಡವರೂ ಉಂಟು. ಹತ್ತು ವರ್ಷದ ಗಾಳಿ ಮಳೆಗೆ ಬೀದಿಗಳಲ್ಲಿ ಬಳ್ಳಾರಿ ಜಾಲಿ ಎದ್ದಿತು. ಯಾರೋ ಕಿಟಕಿಯ ಸರಳು ಕಿತ್ತರು, ಯಾರೋ ಬಾಗಿಲು ಒಯ್ದರು. ಕುರಿ ಕಾಯುವವರು ಮಳೆಗೆ ಮರೆಯಾಗಿ ನಿಂತು ಹೋದರು. ಹೊಳೆಯೂ ಕೆಲವು ವರ್ಷ ಸುಮ್ಮನಿದ್ದುದರಿಂದ ಭಯ ತೆಳುವಾಗಿತ್ತು.

2019ರ ಆಗಸ್ಟಿನ ಮೊದಲ ವಾರದಲ್ಲಿ ಹೊಳೆ ಮತ್ತೆ ಬಂತು. ಕೊಣ್ಣೂರಿನ ಬಳಿ ಹೆದ್ದಾರಿಯೇ ಕಡಿದು ಹುಬ್ಬಳ್ಳಿ ವಿಜಯಪುರಗಳ ಸಂಚಾರ ನಿಂತುಹೋಯಿತು. ಲಖಮಾಪುರವನ್ನು ನೀರು ಸುತ್ತುಗಟ್ಟಿತು. ಹೊಳೆಆಲೂರು, ಮೆಣಸಗಿಗಳ ಸುತ್ತಣ ಹಳ್ಳಿಗಳೂ ಅದೇ ಪಾಡಿಗೆ ಬಂದವು. ಆಗ ಟ್ರ್ಯಾಕ್ಟರುಗಳು ದಿನ್ನೆ ಏರಿ ಆಸರೆಯ ಹಾದಿ ಹಿಡಿದವು. ಕೊಡಲಿಯಿಂದ ಜಾಲಿ ಕಡಿದು, ಬಾಗಿಲಿಲ್ಲದ ಚೌಕಟ್ಟಿಗೆ ತಾಡಪತ್ರಿ ಕಟ್ಟಿ, ಹತ್ತು ವರ್ಷ ಬೇಡವಾಗಿದ್ದ ಮನೆಗಳಲ್ಲಿ ಜನ ಒಂದೇ ರಾತ್ರಿಯಲ್ಲಿ ತುಂಬಿಕೊಂಡರು. ಯಾರಿಗೆ ಯಾವ ಮನೆ ಕೊಟ್ಟದ್ದೆಂಬುದನ್ನು ನೀರು ಏರುವ ಹೊತ್ತಿನಲ್ಲಿ ಯಾರು ನೋಡುತ್ತಾರೆ? ಮೊದಲು ಹೊಕ್ಕವರದು ಮನೆ. ಜಗಳ ಆಮೇಲೆ ಆಯಿತು.

ಆ ವರ್ಷ ಸರ್ಕಾರ ದಾರಿಯನ್ನು ಬದಲಿಸಿತು. ಕಟ್ಟಿದ ಮನೆಯ ಬದಲು ಹಣ. ತಕ್ಷಣಕ್ಕೆ 10 ಸಾವಿರ ರೂಪಾಯಿ. ಪೂರಾ ಬಿದ್ದ ಮನೆಗೆ 5 ಲಕ್ಷ, ಕಂತುಕಂತಾಗಿ. ಮನೆ ಏಳುವವರೆಗೆ ಬಾಡಿಗೆಗೆಂದು ತಿಂಗಳಿಗೆ 5 ಸಾವಿರ. ಇದರಲ್ಲಿ ಒಂದು ಹಿತವುಂಟು: ಮನೆಯ ಯಜಮಾನನೇ ತನ್ನ ಮನೆಯ ನಕ್ಷೆಗೆ ಯಜಮಾನ. ದನದ ಅಂಕಣವನ್ನು ಮರೆಯುವ ಎಂಜಿನಿಯರು ನಡುವೆ ಇಲ್ಲ. ಆದರೆ ಸ್ವಂತ ಜಾಗವಿರುವುದು ಹೊಳೆದಂಡೆಯ ಹಳೆಯ ಊರಲ್ಲಿ ತಾನೆ? ಆದ್ದರಿಂದ ಐದು ಲಕ್ಷದ ಎಷ್ಟೋ ಮನೆಗಳು ನೀರು ನಿಂತಿದ್ದ ನೆಲದ ಮೇಲೆಯೇ ಎದ್ದವು. 2009ರಲ್ಲಿ ಮನೆಯನ್ನು ಸುರಕ್ಷಿತ ನೆಲದಲ್ಲಿ ಕಟ್ಟಿ ಬದುಕನ್ನು ಮರೆತರು. 2019ರಲ್ಲಿ ಬದುಕನ್ನು ನೆನೆದು ನೆಲವನ್ನು ಮರೆತರು. ಬಿದ್ದುದಕ್ಕೆ ಎ, ಬಿ, ಸಿ ಎಂದು ದರ್ಜೆ ಹಾಕಿದ್ದರಿಂದ ಒಂದೇ ಗೋಡೆಯ ಎರಡು ಮಗ್ಗುಲಿನ ಅಣ್ಣತಮ್ಮಂದಿರಲ್ಲಿ ಒಬ್ಬ ಲಕ್ಷಾಧಿಪತಿ, ಇನ್ನೊಬ್ಬ ಕಚೇರಿಯ ಅಲೆಮಾರಿ ಆದದ್ದೂ ಉಂಟು.

ಹೊಳೆಆಲೂರಿನಲ್ಲಿ ರೈಲು ಇಳಿದವನಿಗೆ ಈ ಗದ್ದಲವೇನೂ ಮೊದಲಿಗೆ ಕೇಳಿಸದು. ಬರಗಾಲದ ನೆನಪಿನಲ್ಲಿ ಹಾಕಿದ ಆ ಹಳಿಯ ಮೇಲೆ ಇಂದಿಗೂ ಗಾಡಿಗಳು ಸೊಲ್ಲಾಪುರದತ್ತ ಓಡುತ್ತವೆ. ಊರು ದಾಟಿದರೆ ಹೊಳೆ, ಹೊಳೆ ದಾಟಿದರೆ ಬಾದಾಮಿಯ ಕೆಂಪು ಕಲ್ಲು. ಊರಿನಲ್ಲೊಂದು ಅಂಧಮಕ್ಕಳ ವಸತಿ ಶಾಲೆಯಿದೆ. ಕಣ್ಣಿಲ್ಲದ ಹುಡುಗರು ಮಲ್ಲಕಂಬವನ್ನು ಏರಿ ಮೈ ಬಾಗಿಸುವುದನ್ನು ನೋಡಿ ಬೆರಗಾಗದವರಿಲ್ಲ. ಈ ಭಾಗದಲ್ಲಿ ನೆಲೆಯಿಲ್ಲದವರಿಗೆ ನೆಲೆ ಕೊಡುವ ಕೆಲಸವನ್ನು ಸರ್ಕಾರಕ್ಕಿಂತ ಬಹು ಮೊದಲಿನಿಂದ ಮಾಡುತ್ತ ಬಂದವರು ಇಂಥವರೇ. ಜಿಲ್ಲೆಯ ಮುಖ್ಯ ಪಟ್ಟಣವಾದ ಗದಗಿನ ವೀರೇಶ್ವರ ಪುಣ್ಯಾಶ್ರಮ ಅದಕ್ಕೆ ಕಳಶ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಅಲೆದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಕಣ್ಣುಮುಚ್ಚುವವರೆಗೆ ಅದನ್ನು ನಡೆಸಿದರು. ಅಲ್ಲಿ ಕೊಟ್ಟದ್ದು ಅನ್ನ ಮತ್ತು ಮಾಳಿಗೆ ಮಾತ್ರವಲ್ಲ. ತಬಲಾ, ಹಾರ್ಮೋನಿಯಂ, ಗಾಯನ, ಪುರಾಣ ಪ್ರವಚನ, ನಾಟಕ: ಹೊರಗೆ ಹೋದ ಹುಡುಗ ತನ್ನ ರೊಟ್ಟಿಯನ್ನು ತಾನು ಗಳಿಸುವಂಥದ್ದನ್ನು ಕೊಟ್ಟರು. ಅಲ್ಲಿಂದ ಹೊರಟವರು ಎಲ್ಲಿಗೆ ಹೋದರೂ ಸಂಗೀತದ ಮೇಷ್ಟ್ರಾಗಿ ಒಂದು ಮನೆ ಹೂಡಿದರು.

ಇನ್ನೊಂದು ಬಗೆಯ ತಂಗುದಾಣವೂ ನಮ್ಮಲ್ಲಿ ಉಂಟು. ಭಿಕ್ಷಾಟನೆಯನ್ನು ನಿಷೇಧಿಸುವ 1975ರ ಕಾನೂನಿನಂತೆ ಬೀದಿಯಲ್ಲಿ ಸಿಕ್ಕವರನ್ನು ಹಿಡಿದು ತಂದು ಇರಿಸುವ ನಿರಾಶ್ರಿತರ ಪರಿಹಾರ ಕೇಂದ್ರಗಳು. ಓದುಗರಲ್ಲಿ ಮನೆಯಿರುವವರೆಲ್ಲ ಅದಕ್ಕೆ ಹಣ ಕೊಟ್ಟವರೇ; ಆಸ್ತಿ ತೆರಿಗೆಯ ಚೀಟಿಯನ್ನು ತೆಗೆದು ನೋಡಿದರೆ ಶೇಕಡಾ 3ರ ಭಿಕ್ಷುಕರ ಕರ ಕಾಣುತ್ತದೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತಾಗ ನಾಡು ಬೆಚ್ಚಿಬಿದ್ದಿತ್ತು. ಬಾಗಿಲು ಹೊರಗಿನಿಂದ ಹಾಕಿಕೊಳ್ಳುವ ಮನೆ, ಮನೆಯಲ್ಲ.

ರೋಣದಿಂದ ಗಜೇಂದ್ರಗಡದ ದಾರಿಯಲ್ಲಿ ಹೊಳೆಯ ಮಾತು ಹಿಂದೆ ಬೀಳುತ್ತದೆ. ಎರೆ ಮುಗಿದು ಮಸಬು ನೆಲ ಬರುತ್ತದೆ, ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಿಳಿಯ ತೋಳುಗಳನ್ನು ಬೀಸುತ್ತ ನಿಂತಿವೆ. ಈಚಿನವರೆಗೆ ರೋಣ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಾದ ಗಜೇಂದ್ರಗಡ, ಕೋಟೆಯ ಗುಡ್ಡಕ್ಕೆ ಬೆನ್ನು ಕೊಟ್ಟು ಕುಳಿತ ನೇಕಾರರ ಪಟ್ಟಣ. ಪಟ್ಟೇದಂಚಿನ ಸೀರೆಯ ಊರು. ಗುಡ್ಡದ ಮೇಲಿನ ಕಾಲಕಾಲೇಶ್ವರನ ಜಾತ್ರೆಗೆ ದವನದ ಹುಣ್ಣಿಮೆಯಂದು ಸುತ್ತಣ ಸೀಮೆಯೇ ಸೇರುವ ಊರು. ಇಲ್ಲಿ ಪೂರದ ಭಯವಿಲ್ಲ. ಆದರೂ ಸುತ್ತಣ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬೀಗ ಬಿದ್ದ ಬಾಗಿಲುಗಳ ಸಾಲು ಕಾಣುತ್ತದೆ. ಇದು ಗುಳೆ. ಬಸ್ ನಿಲ್ದಾಣದಲ್ಲಿ ಸಂಜೆಯಾದರೆ ಪಾತ್ರೆಪಗಡ, ಜೋಳದ ಚೀಲ, ಹಾಸಿಗೆಯ ಸುರುಳಿ, ಕಂಕುಳಲ್ಲಿ ಕೂಸು. ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಹೊರಟವರು. ಇವರಿಗೆ ಮನೆಯಿದೆ; ಆದರೆ ವರ್ಷದ ಎಷ್ಟೋ ತಿಂಗಳು ಇವರು ಮಲಗುವುದು ಇನ್ನಾರದೋ ಮನೆ ಕಟ್ಟುವ ಜಾಗದಲ್ಲಿ, ತಗಡಿನ ಕೆಳಗೆ. ನಗರದ ಓದುಗರು ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗುವ ಎರಡು ದಿನ ಮೊದಲು ಆ ತಗಡನ್ನು ಬಿಚ್ಚಿರುತ್ತಾರೆ. ಹಿಂದೆ ಉಳಿದ ಮುದುಕರೂ ಮಕ್ಕಳೂ ಬೀಗದ ಮನೆಗಳ ಕಾವಲುಗಾರರು.

ಹಾಗಾದರೆ ಮನೆಯಿಲ್ಲದವರು ಯಾರು? 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಗಣತಿದಾರರು ಬಸ್ ನಿಲ್ದಾಣ, ಗುಡಿಯ ಪೌಳಿ, ಸೇತುವೆಯ ಕೆಳಗೆ, ರಸ್ತೆಯ ಬದಿಗೆ ಹುಡುಕಿ ಲೆಕ್ಕ ಬರೆದರು. ಮೇಲೊಂದು ಮಾಡಿರುವ ಕಟ್ಟಡದಲ್ಲಿ ಮಲಗದವನು ಮಾತ್ರ ಅಂದಿನ ಲೆಕ್ಕಕ್ಕೆ ಮನೆಯಿಲ್ಲದವನು. ದೇಶದಲ್ಲಿ ಅಂಥವರು 17 ಲಕ್ಷಕ್ಕೂ ಹೆಚ್ಚೆಂದು ತಿಳಿಯಿತು. ಶಾಲೆಯ ಕೋಣೆಯಲ್ಲಿ ಇರುವ ನೆರೆಸಂತ್ರಸ್ತ, ಅಣ್ಣನ ಪಡಸಾಲೆಯ ವಿಧವೆ ಇವರಾರೂ ಆ ಅರ್ಥದಲ್ಲಿ ಮನೆಯಿಲ್ಲದವರಲ್ಲ. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಹಗಲೂ ರಾತ್ರಿಯೂ ತೆರೆದಿರುವ ತಂಗುದಾಣ ಇರಲೆಂದು ಹೇಳಿತು. ಆಮೇಲಿನ ಯೋಜನೆಗಳಲ್ಲಿಯೂ ಲೆಕ್ಕದ ಅಳತೆ ಲಕ್ಷವೇ. ನರಗುಂದ, ರೋಣ, ಗಜೇಂದ್ರಗಡ ಮೂರರಲ್ಲಿ ಒಂದೂ ಆ ಗೆರೆಯ ಹತ್ತಿರ ಬಂದಿಲ್ಲ. ಆದ್ದರಿಂದ ಇಲ್ಲಿನ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗುವವನಿಗೆ ಗತಿ ಮಠದ ದಾಸೋಹ, ದರ್ಗಾದ ಅಂಗಳ, ಇಲ್ಲವೆ ಚಹಾದಂಗಡಿಯವನ ಮನಸ್ಸು.

ದೂರದ ಫಿನ್ಲೆಂಡಿನಲ್ಲಿ ಲೆಕ್ಕವೇ ಬೇರೆ. ನೆಂಟರ ಮನೆಯಲ್ಲಿ ಬೇರೆ ದಿಕ್ಕಿಲ್ಲದೆ ತಂಗಿದವನನ್ನೂ ಅವರು ಮನೆಯಿಲ್ಲದವರ ಪಟ್ಟಿಗೆ ಸೇರಿಸುತ್ತಾರೆ. ಹಾಗೆ ಎಣಿಸಿದರೂ 1980ರ ದಶಕದ ಕೊನೆಗೆ 15 ಸಾವಿರಕ್ಕೂ ಮಿಕ್ಕಿದ್ದ ಸಂಖ್ಯೆ 2022ರ ಹೊತ್ತಿಗೆ 4 ಸಾವಿರಕ್ಕಿಂತ ಕೆಳಗಿಳಿದಿತ್ತು. 2008ರಿಂದ ಅವರು ಹಿಡಿದ ದಾರಿ ಸರಳ: ಮೊದಲು ಅವನ ಹೆಸರಿನ ಬಾಡಿಗೆ ಪತ್ರ ಮತ್ತು ಬೀಗದ ಕೈ, ಆಮೇಲೆ ಔಷಧ, ಕೆಲಸ, ಬುದ್ಧಿಮಾತು. ಹೆಲ್ಸಿಂಕಿಯಲ್ಲಿ ಸಾಲ್ವೇಷನ್ ಆರ್ಮಿಯವರ ದೊಡ್ಡದೊಂದು ತಂಗುಮನೆಯ ಸಾಲುಮಂಚಗಳನ್ನೆಲ್ಲ ತೆಗೆದು ಬೇರೆ ಬೇರೆ ಬಾಗಿಲಿನ ಪುಟ್ಟ ಮನೆಗಳನ್ನಾಗಿ ಮಾಡಿದರು. ಆ ಶೀತದೇಶದ ಸಂಪತ್ತು ಮಲಪ್ರಭೆಯ ದಂಡೆಗೆ ಇಲ್ಲ, ನಿಜ. ಆದರೆ ಕೀಲಿಯ ಜೊತೆಗೆ ಹೆಸರಿನ ಕಾಗದವನ್ನೂ ಕೊಡುವುದಕ್ಕೆ ಬೇಕಾದುದು ಸಂಪತ್ತಲ್ಲ. ಸತ್ತ ಅಪ್ಪನ ಹೆಸರಿನ ಉತಾರವನ್ನು ಮೂವರು ಮಕ್ಕಳ ಹೆಸರಿಗೆ ನೆರೆಯಿಲ್ಲದ ಬೇಸಗೆಯಲ್ಲಿ ಹಂಚಿ ಬರೆದಿಟ್ಟಿದ್ದರೆ ಎಷ್ಟೋ ಮನೆಗಳ ಜಗಳ ಹುಟ್ಟುತ್ತಲೇ ಇರಲಿಲ್ಲ.

ಜನ ತಮ್ಮಷ್ಟಕ್ಕೆ ತಾವು ತಿದ್ದಿಕೊಂಡ ಕಡೆಗಳೂ ಇವೆ. ಆಸರೆಯ ಕೆಲವು ಬೀದಿಗಳಲ್ಲಿ ಈಗ ಮನೆಯ ಮುಂದೆ ನಾಲ್ಕು ಗಳ ನೆಟ್ಟು, ತಗಡು ಹೊದಿಸಿ, ದನದ ಅಂಕಣವನ್ನು ಹೊರಗೆ ಇಳಿಸಿದ್ದಾರೆ. ಎರಡು ಮನೆಗಳ ನಡುವಿನ ಗೋಡೆ ಒಡೆದು ಅಣ್ಣತಮ್ಮಂದಿರು ಒಂದು ಪಡಸಾಲೆ ಮಾಡಿಕೊಂಡಿದ್ದಾರೆ. ಎಂಜಿನಿಯರು ನೋಡಿದರೆ ನಕ್ಷೆ ಕೆಟ್ಟಿತೆಂದಾನು. ಬೀದಿಯ ಮೂಲೆಯಲ್ಲಿ ಬೇವಿನ ಗಿಡದ ಬುಡಕ್ಕೆ ಕಲ್ಲು ಜೋಡಿಸಿ ಕಟ್ಟೆ ಮಾಡಿದ್ದಾರೆ; ಬೇಸಗೆಯ ಮಧ್ಯಾಹ್ನ ಅಲ್ಲಿ ನಾಲ್ಕು ಜನ ಮುದುಕರು ಕುಳಿತಿರುತ್ತಾರೆ. ಹಳೆಯ ಊರಿನ ಗುಡಿಗೆ ಹೋಗಿ ಬರುವುದು ಅಮಾವಾಸ್ಯೆಗೆ, ಹಬ್ಬಕ್ಕೆ.

ಸಂಜೆಯ ಬಸ್ಸು ಹೊಳೆಸಾಲಿನ ದಾರಿಯಲ್ಲಿ ಹೊರಳುವಾಗ ದಿನ್ನೆಯ ಮೇಲೆ ಅಲ್ಲೊಂದು ಇಲ್ಲೊಂದು ದೀಪ ಹತ್ತಿರುತ್ತದೆ. ಒಲೆಯ ಹೊಗೆ ಮೂರು ಮನೆಗಳಿಂದ ಎದ್ದು ನಾಲ್ಕನೆಯದನ್ನು ಬಿಟ್ಟು ಮುಂದಿನದರಿಂದ ಏಳುತ್ತದೆ. ಅಲ್ಲಿ ನಿಲುಗಡೆಯ ಹಲಗೆಯಿಲ್ಲ. ಹಿಂದಿನ ಸೀಟಿನಿಂದ ಒಬ್ಬಾಕೆ ಬುಟ್ಟಿ ಎತ್ತಿಕೊಂಡು, “ಯಣ್ಣಾ, ಆಸರೀಗೆ ಒಂಚೂರು ನಿಂದರ್ಸ್ರೀ” ಎನ್ನುತ್ತಾಳೆ. ಕಂಡಕ್ಟರು ಸೀಟಿ ಊದುತ್ತಾನೆ.